ಹಲ್ಲು ಕೀಳುವ ಕೈಯ ಹದ

ಹಾವೇರಿಯ ದನದ ಸಂತೆಗೆ ಎತ್ತು ಕೊಳ್ಳಲು ಹೋದ ರೈತ ಮೊದಲು ಅದರ ಬಾಯಿ ಬಿಡಿಸಿ ನೋಡುತ್ತಾನೆ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಆರು ಹಲ್ಲಿನದೋ, ಬಾಯಿಗೂಡಿದ್ದೋ ಎಂಬುದರ ಮೇಲೆ ವಯಸ್ಸು ಗೊತ್ತಾಗುತ್ತದೆ. ವಯಸ್ಸಿನ ಮೇಲೆ ಬೆಲೆ ನಿಲ್ಲುತ್ತದೆ. ಮಾರುವವನ ಮಾತಿಗಿಂತ ಎತ್ತಿನ ಹಲ್ಲನ್ನು ಹೆಚ್ಚು ನಂಬುವ ಈ ಸೀಮೆಯ ಜನರಿಗೆ ತಮ್ಮದೇ ಬಾಯಿಯ ಕೊನೆಯಲ್ಲಿ ಏನಿದೆ ಎಂಬ ನೆನಪಾಗುವುದು ನೋವು ಬಂದಾಗ ಮಾತ್ರ. ಅದೂ ಸಾಮಾನ್ಯವಾಗಿ ಎಲ್ಲರೂ ಮಲಗಿದ ಹೊತ್ತಿನಲ್ಲಿ.

ವರದಾ ದಂಡೆಯ ಹೊಸರಿತ್ತಿಯಂಥ ಊರಲ್ಲಿ ಹಲ್ಲುನೋವಿಗೆ ಮೊದಲ ಮದ್ದು ಅಡುಗೆಮನೆಯ ಲವಂಗ. ಅದರಲ್ಲಿರುವ ಯೂಜಿನಾಲ್ ಎಂಬ ಎಣ್ಣೆಯಂಶ ನರವನ್ನು ತುಸು ಮಂಕು ಮಾಡುವುದು ನಿಜ. ದಂತವೈದ್ಯರೂ ಅದನ್ನು ಜಿಂಕ್ ಆಕ್ಸೈಡ್ ಪುಡಿಯ ಜೊತೆ ಕಲಸಿ ಹಲ್ಲಿಗೆ ತಾತ್ಕಾಲಿಕವಾಗಿ ತುಂಬುತ್ತಾರೆ. ಲವಂಗ ಸೋತರೆ ಮೆಡಿಕಲ್ ಅಂಗಡಿಯ ಗುಳಿಗೆ. ಗುಳಿಗೆಯೂ ಸೋತರೆ ಬಸ್ಸು ಹತ್ತಿ ಹಾವೇರಿಗೋ ರಾಣೆಬೆನ್ನೂರಿಗೋ ಬ್ಯಾಡಗಿಗೋ ಹೋಗುವುದು. ಕುರ್ಚಿಯ ಮೇಲೆ ಒರಗಿದವರ ಮೊದಲ ಮಾತು, "ಡಾಕ್ಟರ್ರ, ಇದನ್ನ ಕಿತ್ತು ಒಗದುಬಿಡ್ರಿ." ಎರಡನೆಯ ಮಾತು, "ಭಾಳ ನೋಯ್ತೈತೇನ್ರಿ?"

ಈ ಎರಡು ಮಾತುಗಳ ನಡುವೆ ನಡೆಯುವ ಕಸುಬನ್ನು ಇಲ್ಲಿ ಪರಿಚಯಿಸಬೇಕೆಂದಿದ್ದೇನೆ. ಹಲ್ಲು ಕೀಳುವುದು ತೋಳ್ಬಲದ ಕೆಲಸ ಎಂಬುದು ಹೊರಗಿನವರ ಎಣಿಕೆ. ಬಲ್ಲವರ ಲೆಕ್ಕದಲ್ಲಿ, ಬಲ ಎಷ್ಟು ಕಡಿಮೆ ಬಿತ್ತೋ ಕೈ ಅಷ್ಟು ಪಳಗಿದೆ ಎಂದರ್ಥ.

ಕುಳಿ ಜಾಗ ಕೊಡಬೇಕು

ಹಲ್ಲು ದವಡೆಯ ಎಲುಬಿಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ಬೇರಿಗೂ ಎಲುಬಿಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವಿದೆ. ಈ ಸೂಕ್ಷ್ಮ ನಾರುಗಳೇ ಹಲ್ಲನ್ನು ಅದರ ಕುಳಿಯಲ್ಲಿ ಹಿಡಿದಿವೆ. ಖಡಕ್ ರೊಟ್ಟಿ ಕಡಿದಾಗ ಬೀಳುವ ಒತ್ತಡವನ್ನು ತಾಳಿಕೊಳ್ಳುವುದೂ ಅನ್ನದಲ್ಲಿ ಸಿಕ್ಕ ಸಣ್ಣ ಹರಳನ್ನು ತಟ್ಟನೆ ತಿಳಿಸುವುದೂ ಈ ಪದರವೇ. ಹಲ್ಲು ಕೀಳುವವರು ಮೊದಲು ಈ ನಾರುಗಳನ್ನು ಹರಿಯುತ್ತಾರೆ, ಆಮೇಲೆ ಕುಳಿಯನ್ನು ಹಿಗ್ಗಿಸುತ್ತಾರೆ.

ದನ ಕಟ್ಟುವ ಗೂಟ ಕಿತ್ತವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ನೆಟ್ಟಗೆ ಮೇಲಕ್ಕೆ ಎಳೆದರೆ ಗೂಟ ಜಗ್ಗುವುದಿಲ್ಲ. ಆಚೆ ಈಚೆ ಅಲ್ಲಾಡಿಸಿ, ಸುತ್ತಲಿನ ಮಣ್ಣು ಸರಿದು ಜಾಗ ಕೊಟ್ಟ ಮೇಲೆ ಒಂದೇ ಕೈಯಲ್ಲಿ ಎದ್ದು ಬರುತ್ತದೆ. ದವಡೆಯ ಎಲುಬಿಗೂ ತುಸು ಬಾಗುವ ಗುಣವಿದೆ. ನಿಧಾನವಾಗಿ ಒತ್ತಿ, ಹಾಗೆಯೇ ಕೆಲವು ಕ್ಷಣ ಹಿಡಿದು, ಮತ್ತೆ ಇನ್ನೊಂದು ಬದಿಗೆ ಒತ್ತಿದರೆ ಕುಳಿ ಹಿಗ್ಗುತ್ತದೆ. ಅವಸರಪಟ್ಟು ಎಳೆದರೆ ಬೇರು ಮುರಿದು ಒಳಗೇ ಉಳಿಯುತ್ತದೆ. ವಯಸ್ಸಾದಂತೆ ಎಲುಬಿನ ಈ ಗುಣ ಕಡಿಮೆಯಾಗುತ್ತದೆ. ಇಪ್ಪತ್ತರಲ್ಲಿ ಸುಲಭವಾಗಿ ಬರುವ ಹಲ್ಲು ಐವತ್ತರಲ್ಲಿ ಹಟ ಹಿಡಿಯುವುದು ಇದಕ್ಕೇ.

ಯಾವ ಹಲ್ಲನ್ನು ಯಾವ ಕಡೆ ಒತ್ತಬೇಕೆಂಬುದಕ್ಕೆ ಖಚಿತ ಲೆಕ್ಕವಿದೆ. ಮೇಲಿನ ಮುಂಬಲ್ಲಿನ ಬೇರು ಒಂದೇ, ದುಂಡನೆಯದು. ಅದನ್ನು ತಿರುಗಿಸಿ ಸಡಿಲಿಸಬಹುದು. ಮೇಲಿನ ದವಡೆ ಹಲ್ಲಿಗೆ ಮೂರು ಬೇರು, ಕೆಳಗಿನದಕ್ಕೆ ಎರಡು. ಇವನ್ನು ತಿರುಗಿಸ ಹೋದರೆ ಬೇರು ಮುರಿಯುವುದು ಖಂಡಿತ. ಮೇಲಿನ ದವಡೆಯಲ್ಲಿ ಕೆನ್ನೆಯ ಕಡೆಯ ಎಲುಬು ತೆಳು, ಆದ್ದರಿಂದ ಒತ್ತಡದ ಬಹುಪಾಲು ಆ ಕಡೆಗೆ. ಎಲ್ಲಕ್ಕಿಂತ ಉದ್ದದ ಬೇರಿರುವುದು ಕೋರೆಹಲ್ಲಿಗೆ.

ಬಲಗೈ ಇಕ್ಕಳ ಹಿಡಿದಿರುವಾಗ ಎಡಗೈ ಸುಮ್ಮನಿರುವುದಿಲ್ಲ. ಅದರ ಹೆಬ್ಬೆರಳು, ತೋರುಬೆರಳು ವಸಡಿನ ಎರಡೂ ಬದಿ ಹಿಡಿದು ಎಲುಬು ಎಷ್ಟು ಸರಿಯುತ್ತಿದೆ ಎಂದು ತಿಳಿಯುತ್ತಿರುತ್ತವೆ. ಕೆಳದವಡೆಯಾದರೆ ಅದಕ್ಕೆ ಕೆಳಗಿನಿಂದ ಆಸರೆ ಕೊಡುವುದೂ ಎಡಗೈಯೇ. ಇಲ್ಲದಿದ್ದರೆ ಕಿವಿಯ ಮುಂದಿನ ಕೀಲಿಗೆ ಪೆಟ್ಟಾಗುತ್ತದೆ. ಕೆಳಗಿನ ಬಲಬದಿಯ ಹಲ್ಲಿಗೆ ವೈದ್ಯರು ರೋಗಿಯ ಹಿಂದೆ ಬಂದು ನಿಲ್ಲುತ್ತಾರೆ, ಉಳಿದವುಗಳಿಗೆ ಮುಂದೆ. ಕುರ್ಚಿಯನ್ನು ಏರಿಸುವುದೂ ಇಳಿಸುವುದೂ ಕೈಗೆ ಸರಿಯಾದ ಪಟ್ಟು ಸಿಗಲೆಂದೇ.

ಇಕ್ಕಳಗಳು

ಹಲ್ಲು ಕೀಳುವ ಫೋರ್ಸೆಪ್ಸ್ ನೋಡಲು ಇಕ್ಕಳದಂತಿದ್ದರೂ ಒಂದು ಇನ್ನೊಂದರ ಕೆಲಸಕ್ಕೆ ಬಾರದು. ಹಳೆಯ ಕಾಲದ ಸಾಧನಗಳು ಹಲ್ಲಿನ ತಲೆಯನ್ನು ಹಿಡಿದು ಮೀಟುತ್ತಿದ್ದವು. ತಲೆ ಮುರಿದು ಬೇರು ಒಳಗುಳಿಯುವುದು ಮಾಮೂಲಾಗಿತ್ತು. 1841ರಲ್ಲಿ ಇಂಗ್ಲೆಂಡಿನ ಜಾನ್ ಟೋಮ್ಸ್, ಎವ್ರಾರ್ಡ್ ಎಂಬ ಸಾಧನ ತಯಾರಕನ ಜೊತೆಗೂಡಿ, ಒಂದೊಂದು ಬಗೆಯ ಹಲ್ಲಿನ ಕೊರಳಿಗೆ ಒಂದೊಂದು ಬಗೆಯ ಮೂತಿ ಇರುವ ಇಕ್ಕಳಗಳನ್ನು ರೂಪಿಸಿದ. ಇಂದಿನ ದವಾಖಾನೆಯ ತಟ್ಟೆಯಲ್ಲಿರುವುದು ಅವುಗಳದೇ ವಂಶ. ಮೇಲಿನ ದವಡೆ ಹಲ್ಲಿಗೆ ಎಡಕ್ಕೆ ಬೇರೆ, ಬಲಕ್ಕೆ ಬೇರೆ ಇಕ್ಕಳ. ಕೆನ್ನೆಯ ಕಡೆಯ ಮೂತಿಗೆ ಚೂಪಾದ ಒಂದು ತುದಿ ಇರುತ್ತದೆ, ಅದು ಎರಡು ಬೇರುಗಳ ಸಂದಿಯಲ್ಲಿ ಹೋಗಿ ಕೂರಬೇಕು. ಕೆಳಗಿನ ದವಡೆ ಹಲ್ಲಿಗೆಂದೇ ಹಸುವಿನ ಕೊಂಬಿನ ಆಕಾರದ 'ಕೌಹಾರ್ನ್' ಇದೆ.

ಇಕ್ಕಳಕ್ಕೆ ಮುಂಚೆ ಬರುವುದು ಎಲಿವೇಟರ್ ಎಂಬ ಚಪ್ಪಟೆ ತುದಿಯ ಮೀಟುಗೋಲು. ಹಲ್ಲಿಗೂ ಎಲುಬಿಗೂ ನಡುವಿನ ಸಂದಿಗೆ ಅದನ್ನು ಇಳಿಸಿ, ಮಣಿಕಟ್ಟಿನಿಂದ ತುಸುವೇ ತಿರುಗಿಸಿದರೆ ನಾರುಗಳು ಹರಿಯುತ್ತವೆ. ಪಕ್ಕದ ಹಲ್ಲಿಗೆ ಆನಿಸಿ ಮೀಟಬಾರದು ಎಂಬುದು ವಿದ್ಯಾರ್ಥಿಗೆ ಹೇಳಿಕೊಡುವ ಮೊದಲ ಪಾಠಗಳಲ್ಲೊಂದು. ಪಳಗಿದವರ ಕೈಯಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಯುವುದು ಈ ಮೀಟುಗೋಲಿನಿಂದಲೇ.

ಸೂಜಿ ಮಾಡುವುದು

ನೋವಿಲ್ಲದ ಶಸ್ತ್ರಚಿಕಿತ್ಸೆಗೆ ಲೋಕ ಋಣಿಯಾಗಿರಬೇಕಾದುದು ಇಬ್ಬರು ಅಮೆರಿಕನ್ ದಂತವೈದ್ಯರಿಗೆ. 1844ರ ಡಿಸೆಂಬರ್ 11ರಂದು ಹೊರೇಸ್ ವೆಲ್ಸ್ ನೈಟ್ರಸ್ ಆಕ್ಸೈಡ್ ಅನಿಲವನ್ನು ಸೇವಿಸಿ ತನ್ನ ಹಲ್ಲನ್ನೇ ಕೀಳಿಸಿಕೊಂಡ. 1846ರ ಸೆಪ್ಟೆಂಬರ್ 30ರಂದು ವಿಲಿಯಂ ಮಾರ್ಟನ್ ಈಥರ್ ಕೊಟ್ಟು ರೋಗಿಯೊಬ್ಬನ ಹಲ್ಲು ಕಿತ್ತ; ಮುಂದಿನ ತಿಂಗಳೇ ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಅದೇ ಈಥರಿನ ಬಲದ ಮೇಲೆ ಗಡ್ಡೆಯ ಶಸ್ತ್ರಚಿಕಿತ್ಸೆ ಸಾರ್ವಜನಿಕವಾಗಿ ನಡೆಯಿತು. ಪ್ರಜ್ಞೆ ಇದ್ದಂತೆಯೇ ಒಂದು ಭಾಗವನ್ನಷ್ಟೇ ಮರಗಟ್ಟಿಸುವ ಲಿಗ್ನೋಕೇನ್ ಔಷಧವನ್ನು 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದ. ಇಂದು ನಮ್ಮ ತಾಲ್ಲೂಕು ಊರುಗಳಲ್ಲಿ 'ಸೂಜಿ ಮಾಡುವುದು' ಎಂದರೆ ಬಹುತೇಕ ಇದೇ ಲಿಗ್ನೋಕೇನ್, ಜೊತೆಗೆ ರಕ್ತನಾಳವನ್ನು ಕುಗ್ಗಿಸುವ ಚೂರು ಅಡ್ರಿನಲಿನ್.

ಮೇಲಿನ ದವಡೆಯ ಎಲುಬಿನಲ್ಲಿ ಸೂಕ್ಷ್ಮ ರಂಧ್ರಗಳು ಹೆಚ್ಚು. ಹಲ್ಲಿನ ಪಕ್ಕದಲ್ಲೇ ಸೂಜಿ ಕೊಟ್ಟರೆ ಔಷಧ ಒಳಗೆ ಇಳಿಯುತ್ತದೆ. ಕೆಳದವಡೆಯ ಎಲುಬು ಗಟ್ಟಿ, ಔಷಧ ಇಳಿಯದು. ಹಾಗಾಗಿ ನರ ಎಲುಬಿನೊಳಗೆ ಹೊಗುವ ಬಾಗಿಲನ್ನೇ ಹುಡುಕಬೇಕು. ಆ ಬಾಗಿಲು ಕಣ್ಣಿಗೆ ಕಾಣುವಂಥದಲ್ಲ. ಬೆರಳಿಂದ ದವಡೆಯ ಅಂಚನ್ನು ಸವರಿ, ಗಂಟಲ ಬದಿಯ ಮಡಿಕೆಯನ್ನು ಗುರುತಿಟ್ಟು, ಎರಡು ಸೆಂಟಿಮೀಟರಿಗೂ ತುಸು ಹೆಚ್ಚು ಆಳಕ್ಕೆ ಸೂಜಿ ಇಳಿಸಿ, ಎಲುಬು ತಾಗಿದ್ದನ್ನು ಕೈಯಿಂದಲೇ ತಿಳಿದು, ರಕ್ತನಾಳದೊಳಗಿಲ್ಲ ಎಂದು ಖಾತ್ರಿ ಮಾಡಿಕೊಂಡು, ಔಷಧವನ್ನು ನಿಧಾನವಾಗಿ ಬಿಡಬೇಕು. ಕೆಲವು ನಿಮಿಷಗಳಲ್ಲಿ ರೋಗಿ "ತುಟಿ ದಪ್ಪ ಆದಂಗಾತ್ರಿ" ಎಂದರೆ ಸೂಜಿ ಸರಿಯಾದ ಜಾಗಕ್ಕೆ ಬಿದ್ದಿದೆ ಎಂದರ್ಥ. ಆಮೇಲೂ ಒತ್ತಡ, ಅಲುಗಾಟ ತಿಳಿಯುತ್ತವೆ, ನೋವು ತಿಳಿಯುವುದಿಲ್ಲ. ಇದನ್ನು ಮೊದಲೇ ಹೇಳಿಟ್ಟರೆ ರೋಗಿಯ ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ.

ಮುಖ ಊದಿಕೊಂಡು ಕೀವು ತುಂಬಿದಾಗ "ಇವತ್ತ ಕೀಳ್ರಿ" ಎಂದು ಪಟ್ಟು ಹಿಡಿದರೂ ಕೆಲವೊಮ್ಮೆ ವೈದ್ಯರು ಮೊದಲು ಕೀವು ಹೊರಬಿಟ್ಟು, ಔಷಧ ಕೊಟ್ಟು ಕಾಯಿಸುವುದುಂಟು. ಸೋಂಕಿನ ಜಾಗದಲ್ಲಿ ಆಮ್ಲತೆ ಹೆಚ್ಚಿ ಮರಗಟ್ಟಿಸುವ ಔಷಧ ಅಲ್ಲಿ ಸರಿಯಾಗಿ ಕೆಲಸ ಮಾಡದು. ಅವರು ಕಾಯಿಸುವುದಕ್ಕೆ ಹೀಗೊಂದು ಕಾರಣವಿದೆ.

ಕೊನೆಗೆ ಬರುವ ಹಲ್ಲು

ಬುದ್ಧಿಹಲ್ಲು ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನೊಳಗೆ ಬರುತ್ತದೆ. ಉಳಿದ 28 ಹಲ್ಲುಗಳು ಜಾಗ ಹಿಡಿದು ಕೂತ ಮೇಲೆ ಬರುವುದರಿಂದ ಅನೇಕರಲ್ಲಿ ಇದಕ್ಕೆ ಜಾಗ ಸಾಲದು. ಕೆಲವರಲ್ಲಿ ಮುಂದಕ್ಕೆ ವಾಲಿ ಪಕ್ಕದ ಹಲ್ಲನ್ನು ಒತ್ತುತ್ತದೆ, ಕೆಲವರಲ್ಲಿ ಪೂರ್ತಿ ಅಡ್ಡ ಮಲಗುತ್ತದೆ, ಕೆಲವರಲ್ಲಿ ಹಿಂದಕ್ಕೆ ವಾಲುತ್ತದೆ. ಇನ್ನು ಕೆಲವರಿಗೆ ಈ ಹಲ್ಲು ಹುಟ್ಟುವುದೇ ಇಲ್ಲ. ಅಮೆರಿಕದ ಜಾರ್ಜ್ ವಿಂಟರ್ 1926ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಾಲುಗಳನ್ನು ವಿಂಗಡಿಸಿದ; ಇಂದಿಗೂ ವಿದ್ಯಾರ್ಥಿಗಳು ಕಲಿಯುವುದು ಆ ವಿಂಗಡಣೆಯನ್ನೇ. ಕೆಳದವಡೆಯಲ್ಲಿ ಮುಂದಕ್ಕೆ ವಾಲಿದ್ದು ಅತಿ ಸಾಮಾನ್ಯ. ಹಿಂದಕ್ಕೆ ವಾಲಿದ್ದು ಅತಿ ಕಷ್ಟದ್ದು, ಏಕೆಂದರೆ ಅದು ಹೊರಬರುವ ದಾರಿಯಲ್ಲಿ ದವಡೆಯ ಎಲುಬೇ ಅಡ್ಡ ನಿಂತಿರುತ್ತದೆ.

ಅರ್ಧ ಹುಟ್ಟಿದ ಹಲ್ಲಿನ ಮೇಲೆ ವಸಡಿನ ಮಡಿಕೆ ಮುಚ್ಚಿಕೊಂಡಿರುತ್ತದೆ. ಅದರಡಿ ರೊಟ್ಟಿಯ ಚೂರು, ಮಂಡಕ್ಕಿಯ ಸಿಪ್ಪೆ ಸೇರಿ ಕೊಳೆತು ಬಾವು ಬರುತ್ತದೆ. ಬಾಯಿ ತೆಗೆಯಲಾಗದು, ಉಗುಳು ನುಂಗಲಾಗದು. ಈ ಚಿತ್ರ ಹೊಸದಲ್ಲ. ದವಡೆಯ ಕಡೆಯ ಹಲ್ಲಿನ ಬಳಿ ದೊಡ್ಡ ಬಾವು, ತೀವ್ರ ನೋವು, ಸುರಿಯುವ ಜೊಲ್ಲು ಎಂದು ಸುಶ್ರುತ ಸಂಹಿತೆ 'ಅಧಿಮಾಂಸಕ'ವನ್ನು ವರ್ಣಿಸುತ್ತದೆ. ಹೆಚ್ಚಾದ ಮಾಂಸವನ್ನು ಕತ್ತರಿಸಿ ಜೇನಿನಲ್ಲಿ ಕಲಸಿದ ಚೂರ್ಣ ಹಚ್ಚಬೇಕೆಂದು ಚಿಕಿತ್ಸೆಯನ್ನೂ ಹೇಳುತ್ತದೆ. ಆ ಮಡಿಕೆಯನ್ನು ಕತ್ತರಿಸುವ ಕ್ರಮ ಇಂದಿಗೂ ಬಳಕೆಯಲ್ಲಿದೆ. ಹಲ್ಲು ನೆಟ್ಟಗಿದ್ದು ಜಾಗವೂ ಇದ್ದರೆ ಅಷ್ಟೇ ಸಾಕಾಗಬಹುದು. ವಾಲಿದ್ದರೆ ಬಾವು ಮರಳಿ ಮರಳಿ ಬರುತ್ತದೆ. ಆಗ ಹಲ್ಲನ್ನೇ ತೆಗೆಯಬೇಕು.

ತೆಗೆಯುವ ಮುನ್ನ ಎಕ್ಸ್-ರೇ. ಎರಡೂ ದವಡೆಗಳನ್ನು ಒಂದೇ ಚಿತ್ರದಲ್ಲಿ ತೋರಿಸುವ ಒಪಿಜಿಯಲ್ಲಿ ವೈದ್ಯರ ಕಣ್ಣು ಹೋಗುವುದು ಬೇರಿನ ತುದಿಗೆ. ಅದರ ಕೆಳಗೆ ನರ ಹಾದುಹೋಗುವ ಕಾಲುವೆಯ ಎರಡು ಬಿಳಿ ಗೆರೆಗಳು ಕಾಣುತ್ತವೆ. ಬೇರು ತಾಗುವಲ್ಲಿ ಗೆರೆ ತುಂಡಾಗಿದ್ದರೆ, ಕಾಲುವೆ ಡೊಂಕಾಗಿದ್ದರೆ ಅಥವಾ ಬೇರಿನ ಮೇಲೆ ಕಪ್ಪು ಛಾಯೆ ಕಂಡರೆ ಹಲ್ಲು ನರಕ್ಕೆ ಬಹಳ ಹತ್ತಿರವಿದೆ ಎಂದು ತಿಳಿಯಬೇಕು. ಅಲ್ಲಿ ಕೈತಪ್ಪಿದರೆ ತುಟಿ, ಗಲ್ಲಕ್ಕೆ ತಿಂಗಳುಗಟ್ಟಲೆ, ಅಪರೂಪಕ್ಕೆ ಶಾಶ್ವತವಾಗಿ ಜೋಮು ಉಳಿಯಬಹುದು. ಅಂಥಲ್ಲಿ ಹಲ್ಲಿನ ತಲೆಯನ್ನಷ್ಟೇ ಕತ್ತರಿಸಿ ಬೇರುಗಳನ್ನು ಬೇಕೆಂದೇ ಒಳಗೆ ಬಿಡುವ ಉಪಾಯವೂ ಇದೆ.

ಶಸ್ತ್ರಚಿಕಿತ್ಸೆ ಹೀಗೆ ಸಾಗುತ್ತದೆ: ವಸಡನ್ನು ಕೊಯ್ದು ಮಡಚಿ ಎಲುಬನ್ನು ಕಾಣುವಂತೆ ಮಾಡುವುದು, ಹಲ್ಲಿನ ಸುತ್ತ ಡ್ರಿಲ್‌ನಿಂದ ಸಣ್ಣ ಕಾಲುವೆ ತೋಡುವುದು, ಹಲ್ಲನ್ನು ಎರಡು ಮೂರು ಹೋಳು ಮಾಡಿ ಒಂದೊಂದಾಗಿ ತೆಗೆಯುವುದು, ತೊಳೆದು ಹೊಲಿಯುವುದು. ಡ್ರಿಲ್ ನಡೆಯುವಷ್ಟು ಹೊತ್ತೂ ಸಲೈನ್ ನೀರು ಹರಿಯುತ್ತಿರಲೇಬೇಕು. 47 ಡಿಗ್ರಿ ಸೆಲ್ಸಿಯಸ್ ಬಿಸಿ ಒಂದೇ ನಿಮಿಷ ತಾಗಿದರೂ ಎಲುಬಿಗೆ ಹಾನಿಯಾಗುತ್ತದೆ. ಇಲ್ಲಿ ಮೆಚ್ಚಬೇಕಾದದ್ದು ಹೋಳು ಮಾಡುವ ಜಾಣತನ. ಹಲ್ಲನ್ನು ಇಡಿಯಾಗಿ ತೆಗೆಯುವ ಹಟಕ್ಕೆ ಬಿದ್ದರೆ ಎಲುಬನ್ನು ಬಹಳ ಕಡಿಯಬೇಕು. ಹೇಗೂ ಹೋಗಬೇಕಾದ ಹಲ್ಲನ್ನು ತುಂಡರಿಸಿ, ಉಳಿಯಬೇಕಾದ ಎಲುಬನ್ನು ಕಾಯುವುದೇ ವಿವೇಕ. ಹೊಲಿಗೆಯ ದಾರವನ್ನು ಸುಮಾರು ಒಂದು ವಾರಕ್ಕೆ ಬಿಚ್ಚುತ್ತಾರೆ.

ಮನೆಗೆ ಬಂದ ಮೇಲೆ

ಹಲ್ಲು ಹೊರಬಂದಾಗ ವೈದ್ಯರ ಪಾಲಿನ ಕೆಲಸ ಮುಗಿಯುತ್ತದೆ, ರೋಗಿಯ ಪಾಲಿನದು ಶುರುವಾಗುತ್ತದೆ. ಖಾಲಿ ಕುಳಿಯಲ್ಲಿ ರಕ್ತ ಹೆಪ್ಪುಗಟ್ಟಬೇಕು. ಆ ಹೆಪ್ಪಿನ ಆಸರೆಯಲ್ಲೇ ಮೂರು ನಾಲ್ಕು ವಾರಗಳಲ್ಲಿ ವಸಡು ಮುಚ್ಚುತ್ತದೆ, ಮುಂದಿನ ತಿಂಗಳುಗಳಲ್ಲಿ ಎಲುಬು ತುಂಬುತ್ತದೆ. ಅದಕ್ಕೇ ವೈದ್ಯರು, "ಅಜ್ಜಾರ, ಮುಕ್ಕಾಲು ತಾಸು ಈ ಹತ್ತೀನ ಗಟ್ಟಿಯಾಗಿ ಕಚ್ಚಿ ಹಿಡೀರಿ. ಇವತ್ತ ಉಗುಳಬ್ಯಾಡ್ರಿ, ನುಂಗ್ರಿ" ಎಂದು ಎರಡೆರಡು ಸಲ ಹೇಳುವುದು. ಉಗುಳಿದರೆ, ಬಾಯಿ ಮುಕ್ಕಳಿಸಿದರೆ, ಸ್ಟ್ರಾದಿಂದ ಎಳನೀರು ಹೀರಿದರೆ, ಬೀಡಿ ಸೇದಿದರೆ ಹೆಪ್ಪು ಕಿತ್ತು ಬರುತ್ತದೆ. ಬೆತ್ತಲಾದ ಎಲುಬು ಎರಡು ಮೂರು ದಿನದ ಮೇಲೆ ಕೊಡುವ ನೋವು ಮೂಲ ಹಲ್ಲುನೋವನ್ನೇ ಮರೆಸುತ್ತದೆ. ವೈದ್ಯರು ಇದನ್ನು 'ಡ್ರೈ ಸಾಕೆಟ್' ಎನ್ನುತ್ತಾರೆ. ಕೆಳಗಿನ ಬುದ್ಧಿಹಲ್ಲು ತೆಗೆಸಿದವರಲ್ಲಿ ಇದು ಹೆಚ್ಚು.

ಮೊದಲ ದಿನ ಕೆನ್ನೆಯ ಹೊರಗೆ ಮಂಜುಗಡ್ಡೆಯ ತಂಪು. ಒಂದು ದಿನ ಕಳೆದ ಮೇಲೆ ಬೆಚ್ಚನೆಯ ಉಪ್ಪುನೀರಿನಲ್ಲಿ ಮೆಲ್ಲಗೆ ಮುಕ್ಕಳಿಸುವುದು. ಬುದ್ಧಿಹಲ್ಲಿನ ಶಸ್ತ್ರಚಿಕಿತ್ಸೆಯ ಬಾವು ಎರಡನೆಯ, ಮೂರನೆಯ ದಿನ ಏರಿ ಆಮೇಲೆ ಇಳಿಯುತ್ತದೆ, ಗಾಬರಿ ಬೇಡ. ಊಟಕ್ಕೆ ತಣ್ಣಗಿನ ಗಂಜಿ, ನುಚ್ಚು-ಮಜ್ಜಿಗೆ, ಅಂಬಲಿ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ನಿಜವಾದರೂ ಹಸಿ ಗಾಯಕ್ಕೆ ಆ ರಿಯಾಯಿತಿ ಇಲ್ಲ. ಗಿರ್ಮಿಟ್, ಮಿರ್ಚಿ ಭಜಿ ಒಂದು ವಾರ ಕಾಯಲಿ.

ಎಲೆ-ಅಡಿಕೆ, ಗುಟ್ಕಾದ ಮಾತನ್ನೂ ಇಲ್ಲಿ ಹೇಳಬೇಕು. ಅಡಿಕೆಯನ್ನು ವರ್ಷಗಟ್ಟಲೆ ಜಗಿದವರಲ್ಲಿ ಕೆನ್ನೆಯ ಒಳಪದರ ಬಿಗಿದು ನಾರುಗಟ್ಟುತ್ತದೆ, ಬಾಯಿ ಎರಡು ಬೆರಳು ಹೋಗುವಷ್ಟೂ ತೆರೆಯದಂತಾಗುತ್ತದೆ. ಅಷ್ಟು ಕಿರಿದಾದ ಬಾಯಲ್ಲಿ ಕೊನೆಯ ಹಲ್ಲಿಗೆ ಇಕ್ಕಳ ಮುಟ್ಟಿಸುವುದು ಎಂಥ ನುರಿತವರಿಗೂ ಕಷ್ಟ. ಅದಕ್ಕಿಂತ ಮುಖ್ಯವಾದ ಸಂಗತಿ, ಈ ಸ್ಥಿತಿ ಬಾಯಿಯ ಕ್ಯಾನ್ಸರಿಗೆ ಹಾದಿಯಾಗಬಲ್ಲದು.

ಕಣ್ಣಿನ ಹೆದರಿಕೆ

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಎಂಬ ಭಯ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಇದಕ್ಕೂ ಹಳೆಯ ಬೇರಿದೆ. ಮೇಲಿನ ಹಲ್ಲನ್ನು, ಅದು ಅಲುಗಾಡುತ್ತಿದ್ದರೂ, ಕೀಳಬಾರದು; ರಕ್ತ ಅತಿಯಾಗಿ ಹರಿದು ಕುರುಡುತನ, ಮುಖದ ಪಾರ್ಶ್ವವಾಯು ಬರಬಹುದು ಎಂದು ಎಚ್ಚರಿಸಿದ್ದು ಸುಶ್ರುತ ಸಂಹಿತೆಯೇ. ರಕ್ತ ತಡೆಯುವ, ಸೋಂಕು ಅಡಗಿಸುವ ಔಷಧಗಳಿಲ್ಲದ ಕಾಲದಲ್ಲಿ ಅದು ಜಾಗರೂಕ ವೈದ್ಯನ ಮಾತು. ಆದರೆ ಮೇಲಿನ ಹಲ್ಲಿನ ನರಕ್ಕೂ ದೃಷ್ಟಿಯ ನರಕ್ಕೂ ಸಂಬಂಧವಿಲ್ಲ. ನಿಜವಾದ ಅಪಾಯ ಇರುವುದು ಇದರ ವಿರುದ್ಧ ದಿಕ್ಕಿನಲ್ಲಿ: ಮೇಲಿನ ಹಲ್ಲಿನ ಕೀವನ್ನು ಹಾಗೆಯೇ ಬಿಟ್ಟರೆ ಸೋಂಕು ಅಪರೂಪಕ್ಕೆ ಕಣ್ಣಿನ ಸುತ್ತಲಿಗೂ ಅದರಾಚೆಗೂ ಹಬ್ಬಬಹುದು. ಕಣ್ಣಿನ ಹೆಸರಲ್ಲಿ ಹೆದರಿ ಹಲ್ಲನ್ನು ಉಳಿಸಿಕೊಂಡವರು ಕಣ್ಣಿಗೇ ಕುತ್ತು ತಂದುಕೊಳ್ಳುವ ಸಂಭವವಿದೆ.

ಕೀಳದಿರುವ ವಿದ್ಯೆ

ಈ ಕಸುಬಿನ ಕೊನೆಯ ಪಾಠ ಇಕ್ಕಳವನ್ನು ಕೆಳಗಿಡುವುದು. ತೊಂದರೆ ಕೊಡದ ಬುದ್ಧಿಹಲ್ಲನ್ನು ಮುಂಜಾಗ್ರತೆಯ ಹೆಸರಲ್ಲಿ ಕೀಳಬೇಡಿ ಎಂದು ಬ್ರಿಟನ್ನಿನ ನೈಸ್ ಸಂಸ್ಥೆ 2000ದಲ್ಲೇ ಮಾರ್ಗಸೂಚಿ ಹೊರಡಿಸಿತು. ಹುಳುಕು ನರದವರೆಗೆ ಹೋದ ಹಲ್ಲನ್ನೂ ರೂಟ್ ಕೆನಾಲ್ ಮಾಡಿ ಎಷ್ಟೋ ಸಲ ಉಳಿಸಬಹುದು. ಕೀಳಿಸುವುದು ಅಗ್ಗ, ಒಂದೇ ಸಲದ ಓಡಾಟ ಎಂಬ ಕಾರಣಕ್ಕೆ ಹಳ್ಳಿಯ ಜನ ಉಳಿಯಬಹುದಾದ ಹಲ್ಲನ್ನೂ ಕಳೆದುಕೊಳ್ಳುತ್ತಾರೆ. ಒಂದು ಹಲ್ಲು ಹೋದ ಜಾಗಕ್ಕೆ ಅಕ್ಕಪಕ್ಕದವು ವಾಲುತ್ತವೆ, ಎದುರಿನದು ಇಳಿಯುತ್ತದೆ. ಆ ಅಗ್ಗಕ್ಕೆ ಮುಂದೆ ಬಡ್ಡಿ ಕಟ್ಟಬೇಕಾಗುತ್ತದೆ.

ಹಾವೇರಿ ಜಿಲ್ಲೆಯವರಿಗೆ ಇರುವ ಒಂದು ಅನುಕೂಲವೆಂದರೆ ಹೆದ್ದಾರಿಯ ಎರಡೂ ದಿಕ್ಕಿಗೆ ದಂತ ಕಾಲೇಜುಗಳಿವೆ. ಉತ್ತರಕ್ಕೆ ಧಾರವಾಡದ ಸತ್ತೂರಿನಲ್ಲಿ 1986ರಲ್ಲಿ ಶುರುವಾದ ಎಸ್‌ಡಿಎಂ ದಂತ ಕಾಲೇಜು, ದಕ್ಷಿಣಕ್ಕೆ ದಾವಣಗೆರೆಯಲ್ಲಿ 1979ರ ಬಾಪೂಜಿ ದಂತ ಕಾಲೇಜು. ಬಿಡಿಎಸ್ ಓದಿದ ಮೇಲೆ ಇನ್ನೂ ಮೂರು ವರ್ಷ ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆಯನ್ನೇ ಕಲಿತ ಎಂಡಿಎಸ್ ತಜ್ಞರು ಅಂಥಲ್ಲಿ ಸಿಗುತ್ತಾರೆ. ನರಕ್ಕೆ ತಾಗಿದ, ಅಡ್ಡ ಮಲಗಿದ ಹಲ್ಲನ್ನು "ಇದನ್ನ ಅಲ್ಲಿ ತೋರಸ್ರಿ" ಎಂದು ಊರಿನ ದಂತವೈದ್ಯರು ಕಳಿಸಿದರೆ ಅದನ್ನು ಅವರ ಕೊರತೆ ಎಂದು ತಿಳಿಯಬೇಡಿ. ತನ್ನ ಕೈಯ ಅಳತೆ ಗೊತ್ತಿರುವುದೂ ಕಸುಬಿನ ಭಾಗವೇ. ಜಾತ್ರೆಯಲ್ಲಿ ಹಲ್ಲಿನ ಹುಳ ತೆಗೆದು ತೋರಿಸುವವರ ಹತ್ತಿರ ಮಾತ್ರ ಸುಳಿಯಬೇಡಿ. ಹಲ್ಲಿನಲ್ಲಿ ಹುಳ ಇರುವುದಿಲ್ಲ. ಹುಳುಕು ಮಾಡುವುದು ಬ್ಯಾಕ್ಟೀರಿಯಾ. 1948ರ ದಂತವೈದ್ಯರ ಕಾಯ್ದೆಯ ಕಾಲದಿಂದಲೂ ಈ ವೃತ್ತಿಗೆ ನೋಂದಣಿ ಕಡ್ಡಾಯ.

ಕುರ್ಚಿಯ ಮೇಲೆ ಕೂತಾಗ ನಿಮ್ಮ ಸಕ್ಕರೆ ಕಾಯಿಲೆ, ಬಿಪಿ, ರಕ್ತ ತೆಳು ಮಾಡುವ ಗುಳಿಗೆ, ಎಲುಬು ಸವೆತದ ಔಷಧ ಯಾವುದನ್ನೂ ಮುಚ್ಚಿಡಬೇಡಿ. ಯಾವ ಗುಳಿಗೆಯನ್ನೂ ನೀವಾಗಿಯೇ ನಿಲ್ಲಿಸಲೂ ಬೇಡಿ. ಆಮೇಲೆ ಮೂರು ಪ್ರಶ್ನೆ ಕೇಳಿ: ಈ ಹಲ್ಲನ್ನು ಉಳಿಸಲು ಬರುತ್ತದೆಯೇ? ಎಕ್ಸ್-ರೇಯಲ್ಲಿ ಬೇರು, ನರ ಹೇಗಿವೆ? ಕಿತ್ತ ಜಾಗಕ್ಕೆ ಮುಂದೇನು? ಮೂರಕ್ಕೂ ಸಮಾಧಾನದಿಂದ ಉತ್ತರ ಕೊಡುವ ವೈದ್ಯರು ಸಿಕ್ಕರೆ, ನಿಶ್ಚಿಂತೆಯಿಂದ ಬಾಯಿ ತೆರೆಯಿರಿ.